ಐಸಿಯುವಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಸ್ಕ್ರೀನಿಂಗ್: ನಮ್ಮ ಆಸ್ಪತ್ರೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಮೆರೊಪೆನೆಮ್, ಇಮಿಪೆನೆಮ್‌ನಂತಹ ಕಾರ್ಬಪೆನೆಮ್ ಗುಂಪಿನ ಆಂಟಿಬಯೋಟಿಕ್‌ಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ, ಇ. ಕೋಲೈ ಮುಂತಾದ ಕರುಳಿನ ಬ್ಯಾಕ್ಟೀರಿಯಾಗಳನ್ನು ಲ್ಯಾಬ್‌ಗಳಲ್ಲಿ ಸಿಆರ್‌ಇ ಎಂದು ಕರೆಯುತ್ತಾರೆ. ಇವುಗಳನ್ನು ಹೊತ್ತ ರೋಗಿಗೆ ಜ್ವರ ಇರಲೇಬೇಕೆಂದಿಲ್ಲ, ಗಾಯದಲ್ಲಿ ಕೀವು ಕಾಣಲೇಬೇಕೆಂದಿಲ್ಲ. ಎಷ್ಟೋ ಜನರ ಕರುಳಿನಲ್ಲಿ ಇವು ತಿಂಗಳುಗಟ್ಟಲೆ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತವೆ. ಅಂಥವರು ವಾಹಕರು. ರಕ್ತ, ಮೂತ್ರ, ಕಫಗಳ ಕಲ್ಚರ್‌ನಲ್ಲಿ ಪತ್ತೆಯಾಗುವವರು ಬಹುತೇಕ ಸೋಂಕು ತಗಲಿ ಕಾಯಿಲೆ ಬಿದ್ದವರೇ. ಪಕ್ಕದ ಹಾಸಿಗೆಯ ವಾಹಕರ ಮಲದಿಂದ ಬೆಡ್‌ಪ್ಯಾನ್‌ಗೆ, ಅಲ್ಲಿಂದ ಸಿಬ್ಬಂದಿಯ ಕೈಗೆ, ಕೈಯಿಂದ ಇನ್ನೊಬ್ಬ ರೋಗಿಯ ಕ್ಯಾಥೆಟರ್‌ಗೆ ಬ್ಯಾಕ್ಟೀರಿಯಾ ಸಾಗುತ್ತಿರುವುದು ಆ ವರದಿಗಳಲ್ಲಿ ಕಾಣುವುದಿಲ್ಲ. ಅದನ್ನು ಕಾಣುವಂತೆ ಮಾಡುವುದು ಸ್ಕ್ರೀನಿಂಗ್‌ನ ಕೆಲಸ.

ಈ ಬರಹ 8ರಿಂದ 20 ಹಾಸಿಗೆಗಳ ಐಸಿಯು ಇರುವ ಜಿಲ್ಲಾ ಆಸ್ಪತ್ರೆ, ಬೋಧಕ ಆಸ್ಪತ್ರೆ ಅಥವಾ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯ ಸೋಂಕು ನಿಯಂತ್ರಣ ನರ್ಸ್, ಐಸಿಯು ಇನ್‌ಚಾರ್ಜ್ ಸಿಸ್ಟರ್, ಮೈಕ್ರೋಬಯಾಲಜಿಸ್ಟ್ ಮತ್ತು ಆಡಳಿತಾಧಿಕಾರಿಗಳನ್ನು ಉದ್ದೇಶಿಸಿದ್ದು. ನಿರೋಧಕ ಬ್ಯಾಕ್ಟೀರಿಯಾಗಳು ಹಲವು ಬಗೆಯವಾದರೂ ಇಲ್ಲಿ ಸಿಆರ್‌ಇಯನ್ನೇ ಮುಖ್ಯವಾಗಿ ಹಿಡಿದುಕೊಳ್ಳಲು ಕಾರಣವಿದೆ. ನವದೆಹಲಿಯಲ್ಲಿ ಚಿಕಿತ್ಸೆ ಪಡೆದು 2008ರಲ್ಲಿ ಸ್ವೀಡನ್ನಿನ ಆಸ್ಪತ್ರೆಗೆ ದಾಖಲಾದ ರೋಗಿಯೊಬ್ಬರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಿಂದ ಕಾರ್ಬಪೆನೆಮ್‌ಗಳನ್ನು ಮುರಿಯುವ ಎನ್‌ಡಿಎಂ-1 (ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್) ಎಂಬ ಕಿಣ್ವವನ್ನು 2009ರಲ್ಲಿ ವಿವರಿಸಲಾಯಿತು. ಆ ಹೆಸರಿನಲ್ಲಿ ದೆಹಲಿ ಇದ್ದುದಕ್ಕೆ ನಮ್ಮಲ್ಲಿ ದೊಡ್ಡ ಗದ್ದಲವೇ ಎದ್ದಿತು. ಗದ್ದಲ ತಣ್ಣಗಾಯಿತು, ಕಿಣ್ವ ಮಾತ್ರ ಉಳಿಯಿತು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಔಷಧ ನಿರೋಧಕತೆ ನಿಗಾ ಜಾಲದ ಇತ್ತೀಚಿನ ವರ್ಷಗಳ ವರದಿಗಳಲ್ಲಿ, ಪರೀಕ್ಷಿಸಿದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಮಿಪೆನೆಮ್‌ಗೆ ಬಗ್ಗುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿಯೂ ವಾಹಕರನ್ನು ಗುರುತಿಸುವ ಸ್ವಾಬ್ ಪರೀಕ್ಷೆಯನ್ನು (ಗುದದ್ವಾರದಿಂದ ಕಡ್ಡಿಯ ತುದಿಯಲ್ಲಿ ಮಾದರಿ ತೆಗೆದು ನೋಡುವುದು) ಶಿಫಾರಸು ಮಾಡಿರುವುದು ಸಿಆರ್‌ಇಯ ವಿಚಾರದಲ್ಲೇ.

1. ಸ್ವಾಬ್ ತರಿಸುವ ಮೊದಲು ಪಾಸಿಟಿವ್ ಬಂದರೆ ಏನು ಮಾಡುವುದೆಂದು ಬರೆದಿಡಿ

ಸ್ವಾಬ್ ತೆಗೆಯುವುದು ಇಡೀ ಕೆಲಸದಲ್ಲಿ ಅತ್ಯಂತ ಸುಲಭದ ಭಾಗ. ವರದಿ ಬಂದ ಮೇಲೆ ರೋಗಿಯನ್ನು ಎಲ್ಲಿ ಮಲಗಿಸಬೇಕು, ಯಾವ ನರ್ಸ್ ನೋಡಿಕೊಳ್ಳಬೇಕು, ಗೌನ್‌ಗಳು ಯಾವ ಸ್ಟೋರ್‌ನಿಂದ ಬರಬೇಕು ಎಂಬುದು ತೀರ್ಮಾನವಾಗದೆ ಸ್ಕ್ರೀನಿಂಗ್ ಆರಂಭಿಸಿದರೆ, ವರದಿಗಳು ಕೇಸ್ ಶೀಟ್‌ಗೆ ಪಿನ್ ಆಗಿ ಕುಳಿತಿರುತ್ತವೆ. ರೋಗಿಯ ಸುತ್ತ ಏನೂ ಬದಲಾಗಿರುವುದಿಲ್ಲ. ಅಂಥ ಸ್ಕ್ರೀನಿಂಗ್‌ಗೆ ಖರ್ಚು ಮಾಡುವ ಹಣವನ್ನು ಹ್ಯಾಂಡ್‌ರಬ್ ಕೊಳ್ಳಲು ಬಳಸುವುದು ಮೇಲು ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ಸೋಂಕು ನಿಯಂತ್ರಣ ಸಮಿತಿಯ ಒಂದು ಸಭೆಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡು ವೈದ್ಯಕೀಯ ಅಧೀಕ್ಷಕರ ಸಹಿ ಹಾಕಿಸಿ. ಪಾಸಿಟಿವ್ ರೋಗಿಗೆ ಪ್ರತ್ಯೇಕ ಕೋಣೆ ಇದೆಯೇ, ಇಲ್ಲದಿದ್ದರೆ ಐಸಿಯುವಿನ ಯಾವ ಮೂಲೆಯ ಹಾಸಿಗೆಗಳನ್ನು ಅವರಿಗೆ ಮೀಸಲಿಡಬೇಕು? ಲ್ಯಾಬ್‌ನಿಂದ ಫೋನ್ ಯಾರಿಗೆ ಬರಬೇಕು, ರಾತ್ರಿ ಪಾಳಿಯಲ್ಲಿ ಯಾರಿಗೆ? ಆ ಹಾಸಿಗೆಗಳಿಗೆ ಬೇರೆ ನರ್ಸ್ ನೇಮಿಸಲು ಸಾಧ್ಯವೇ? ಪರೀಕ್ಷೆಯ ಖರ್ಚು ಯಾರದು? ಕೊನೆಯ ಪ್ರಶ್ನೆಯನ್ನು ಹಲವು ಕಡೆ ಕೇಳುವುದೇ ಇಲ್ಲ. ಸ್ಕ್ರೀನಿಂಗ್ ಮುಖ್ಯವಾಗಿ ಪಕ್ಕದ ಹಾಸಿಗೆಯವರ ರಕ್ಷಣೆಗಾಗಿ ಮಾಡುವ ಪರೀಕ್ಷೆಯಾದ್ದರಿಂದ ಅದರ ಬಿಲ್ಲನ್ನು ಒಬ್ಬ ರೋಗಿಯ ಮನೆಯವರ ಮೇಲೆ ಹೇರುವುದು ನ್ಯಾಯವಲ್ಲ. ಹಾಗೆ ಹೇರಿದರೆ ಒಪ್ಪಿಗೆಯೂ ಸಿಗುವುದಿಲ್ಲ.

2. ಒಂದು ದಿನದ ಎಣಿಕೆ

ಎರಡನೆಯ ಹೆಜ್ಜೆಯಾಗಿ, ಗೊತ್ತುಪಡಿಸಿದ ಒಂದೇ ದಿನ ಐಸಿಯುವಿನಲ್ಲಿರುವ ಎಲ್ಲ ರೋಗಿಗಳ ಸ್ವಾಬ್ ತೆಗೆಸಿ. ಮುಂದಿನ ದಾರಿಯನ್ನು ಈ ಎಣಿಕೆಯೇ ನಿರ್ಧರಿಸುತ್ತದೆ. 12 ಜನರಲ್ಲಿ ಒಬ್ಬರೋ ಇಬ್ಬರೋ ವಾಹಕರಿದ್ದರೆ ಅವರನ್ನು ಬೇರ್ಪಡಿಸಿ ಹರಡುವಿಕೆಯನ್ನು ತಡೆಯಲು ಸ್ಪಷ್ಟ ಅವಕಾಶವಿದೆ, ಸ್ಕ್ರೀನಿಂಗ್‌ನಿಂದ ಪೂರ್ಣ ಲಾಭವಿದೆ. 12ರಲ್ಲಿ 7 ಜನ ವಾಹಕರಿದ್ದರೆ ಉಳಿದ ಐವರನ್ನು ಬೇರ್ಪಡಿಸುವುದೇ ಸುಲಭವೆನ್ನುವಂತಹ ಪರಿಸ್ಥಿತಿ. ಆಗ ಪ್ರತಿ ಹೊಸ ರೋಗಿಯ ಸ್ವಾಬ್‌ಗಿಂತ ಮೊದಲು ಇಡೀ ಘಟಕದ ಕೈಶುದ್ಧಿ, ಸಿಂಕ್‌ಗಳು, ಬೆಡ್‌ಪ್ಯಾನ್ ತೊಳೆಯುವ ಕ್ರಮ ಮತ್ತು ನರ್ಸ್‌ಗಳ ಸಂಖ್ಯೆಯನ್ನು ಸರಿಪಡಿಸಬೇಕು, ಎಲ್ಲ ರೋಗಿಗಳನ್ನೂ ವಾಹಕರೆಂದೇ ಭಾವಿಸಿ ಕೆಲಸ ಮಾಡಬೇಕು. ಮೂರು ತಿಂಗಳ ನಂತರ ಮತ್ತೆ ಎಣಿಸಬಹುದು.

ಸೆಫಲೋಸ್ಪೊರಿನ್ ಗುಂಪಿನ ಆಂಟಿಬಯೋಟಿಕ್‌ಗಳಿಗೆ ಬಗ್ಗದಿದ್ದರೂ ಕಾರ್ಬಪೆನೆಮ್‌ಗಳಿಗೆ ಬಗ್ಗುವ ಇಎಸ್‌ಬಿಎಲ್ ಬ್ಯಾಕ್ಟೀರಿಯಾಗಳನ್ನೂ ಹುಡುಕಬೇಕೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತದ ಆರೋಗ್ಯವಂತರ ಕರುಳಿನಲ್ಲೂ ಅವು ಧಾರಾಳವಾಗಿರುವುದರಿಂದ ಆ ಹುಡುಕಾಟದಿಂದ ಪ್ರಯೋಜನವಿಲ್ಲ.

3. ಯಾರನ್ನು ಪರೀಕ್ಷಿಸಬೇಕು

ಬೇರೆ ಆಸ್ಪತ್ರೆಯಿಂದ ರೆಫರ್ ಆಗಿ ಬಂದವರು, ಅದರಲ್ಲೂ ಅಲ್ಲಿನ ಐಸಿಯುವಿನಿಂದ ನೇರವಾಗಿ ಆಂಬುಲೆನ್ಸ್‌ನಲ್ಲಿ ಬಂದವರು ಪಟ್ಟಿಯಲ್ಲಿ ಮೊದಲಿಗರು. ಹಿಂದಿನ ಒಂದು ವರ್ಷದಲ್ಲಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರು, ಡಯಾಲಿಸಿಸ್ ರೋಗಿಗಳು, ಈಚೆಗೆ ಕಾರ್ಬಪೆನೆಮ್ ಪಡೆದವರು, ಹಿಂದೊಮ್ಮೆ ಪಾಸಿಟಿವ್ ಆಗಿದ್ದವರು ನಂತರದವರು. ಹಿಂದೆ ಪಾಸಿಟಿವ್ ಆಗಿದ್ದವರನ್ನು ಈ ಬಾರಿಯ ವರದಿಗೆ ಕಾಯದೆ ವಾಹಕರೆಂದೇ ಪರಿಗಣಿಸಿ ಬೇರೆ ಇರಿಸಬೇಕು.

ಈ ಮಾಹಿತಿ ದಾಖಲಾತಿಯ ಹೊತ್ತಿನಲ್ಲಿ ತಾನಾಗಿ ಸಿಗುವುದಿಲ್ಲ. ಗಾಬರಿಯಲ್ಲಿರುವ ಮನೆಯವರು ಮೂರು ವಾರದ ಹಿಂದೆ ಇನ್ನೊಂದು ನರ್ಸಿಂಗ್ ಹೋಂನಲ್ಲಿ ನಾಲ್ಕು ದಿನ ಇದ್ದುದನ್ನು ಹೇಳಲು ಮರೆಯುತ್ತಾರೆ, ಕೇಳಿದರೆ ಹೇಳುತ್ತಾರೆ. ಐಸಿಯು ದಾಖಲಾತಿ ಹಾಳೆಯಲ್ಲೇ "ಕಳೆದ ಒಂದು ವರ್ಷದಲ್ಲಿ ಬೇರೆ ಎಲ್ಲಾದರೂ ಅಡ್ಮಿಟ್ ಆಗಿದ್ದರೇ?" ಎಂಬ ಸಾಲನ್ನು ಅಚ್ಚು ಹಾಕಿಸಿ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ವಿದೇಶದ ಆಸ್ಪತ್ರೆಯಲ್ಲಿದ್ದು ಬಂದವರನ್ನು ಇದೇ ಪ್ರಶ್ನೆ ಕೇಳಿ ಪರೀಕ್ಷಿಸುತ್ತಾರೆ, ನೆದರ್ಲೆಂಡ್ಸ್‌ನಲ್ಲಿ ವರದಿ ಬರುವವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ರಜೆಗೆಂದು ಊರಿಗೆ ಬಂದು ಇಲ್ಲಿ ಆಪರೇಷನ್ ಮಾಡಿಸಿಕೊಂಡು ಮರಳಿದ ಕನ್ನಡಿಗರು ಅಲ್ಲಿ ಇಂಥ ಪರೀಕ್ಷೆಗೆ ಒಳಗಾದರೆ ಅವಮಾನವೆಂದು ಭಾವಿಸಬೇಕಾಗಿಲ್ಲ.

4. ಸ್ವಾಬ್ ತೆಗೆಯುವ ಕ್ರಮ

ರೋಗಿಗೆ ಪ್ರಜ್ಞೆಯಿದ್ದರೆ ಅವರಿಗೆ, ಇಲ್ಲದಿದ್ದರೆ ಮನೆಯವರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಿರಿ. ಪರದೆ ಎಳೆಯಿರಿ. ಎಡ ಮಗ್ಗುಲಿಗೆ ಮಲಗಿಸಿ, ಕೈ ಶುದ್ಧಮಾಡಿಕೊಂಡು ಗ್ಲೌಸ್ ಧರಿಸಿ, ಸ್ಟೆರೈಲ್ ಸಲೈನ್‌ನಲ್ಲಿ ಸ್ವಾಬ್‌ನ ತುದಿಯನ್ನು ಒದ್ದೆ ಮಾಡಿ, ಗುದದ್ವಾರದಿಂದ ಸುಮಾರು 2ರಿಂದ 3 ಸೆಂಟಿಮೀಟರ್ ಒಳಗೆ ನಯವಾಗಿ ತೂರಿಸಿ ಮೆಲ್ಲಗೆ ತಿರುಗಿಸಿ ಹೊರತೆಗೆಯಿರಿ. ತುದಿಯಲ್ಲಿ ಮಲದ ಬಣ್ಣ ಕಣ್ಣಿಗೆ ಕಾಣಬೇಕು. ಬೆಳ್ಳಗೆ ಹೊರಬಂದ ಸ್ವಾಬ್ ಚರ್ಮದ ಸ್ವಾಬ್ ಆಗಿರುತ್ತದೆಯೇ ಹೊರತು ಕರುಳಿನದಾಗಿರುವುದಿಲ್ಲ, ಅದರ ನೆಗೆಟಿವ್ ವರದಿಯನ್ನು ನಂಬುವಂತಿಲ್ಲ. ಅದನ್ನು ಕಳುಹಿಸದೆ ಮತ್ತೊಮ್ಮೆ ತೆಗೆಯಿರಿ, ಅಥವಾ ರೋಗಿ ಮಲವಿಸರ್ಜನೆ ಮಾಡಿದಾಗ ಆ ಮಲವನ್ನೇ ಕಳುಹಿಸಿ.

ಬಿಳಿ ರಕ್ತಕಣಗಳು ತೀರಾ ಕುಸಿದಿರುವ ಕ್ಯಾನ್ಸರ್ ರೋಗಿಗಳಲ್ಲಿ, ಪ್ಲೇಟ್‌ಲೆಟ್ ಕಡಿಮೆಯಿರುವವರಲ್ಲಿ, ಗುದಭಾಗದ ಶಸ್ತ್ರಚಿಕಿತ್ಸೆ ಆದವರಲ್ಲಿ ಸ್ವಾಬ್ ಒಳಗೆ ತೂರಿಸಬಾರದು. ಮಲದ ಮಾದರಿ ಸಾಕು. ಹೊಟ್ಟೆಯ ಮೇಲೆ ಸ್ಟೋಮಾ (ಮಲ ಹೊರಹೋಗಲು ಮಾಡಿದ ರಂಧ್ರ) ಇರುವವರಲ್ಲಿ ಅಲ್ಲಿಂದಲೇ ತೆಗೆಯಬಹುದು. ಟ್ರಾನ್ಸ್‌ಪೋರ್ಟ್ ಮೀಡಿಯಂ ಇರುವ ಟ್ಯೂಬ್‌ಗೆ ಹಾಕಿ, ಹಾಸಿಗೆಯ ಪಕ್ಕದಲ್ಲೇ ಲೇಬಲ್ ಅಂಟಿಸಿ, ರಿಕ್ವಿಸಿಷನ್ ಮೇಲೆ "ಸಿಆರ್‌ಇ ಸ್ಕ್ರೀನಿಂಗ್" ಎಂದು ಸ್ಪಷ್ಟವಾಗಿ ಬರೆದು ಅದೇ ದಿನ ಲ್ಯಾಬ್‌ಗೆ ತಲುಪಿಸಬೇಕು. ಹಾಗೆ ಬರೆಯದಿದ್ದರೆ ಲ್ಯಾಬ್‌ನವರು ಅದನ್ನು ಭೇದಿಯ ಮಾದರಿಯೆಂದುಕೊಂಡು ಸಾಲ್ಮೊನೆಲ್ಲಾ ಹುಡುಕುತ್ತಾ ಕೂರುವುದುಂಟು.

5. ಲ್ಯಾಬ್‌ನಲ್ಲಿ

ಅತಿ ಕಡಿಮೆ ಖರ್ಚಿನ ವಿಧಾನಕ್ಕೆ ಹೊಸ ಯಂತ್ರ ಬೇಡ. ಬ್ಯಾಕ್ಟೀರಿಯಾ ಬೆಳೆಸುವ ದ್ರವವಾದ ಟ್ರಿಪ್ಟಿಕ್ ಸೋಯ್ ಬ್ರಾತ್‌ನ 5 ಮಿ.ಲೀ.ನಲ್ಲಿ 10 ಮೈಕ್ರೋಗ್ರಾಂನ ಮೆರೊಪೆನೆಮ್ ಅಥವಾ ಎರ್ಟಾಪೆನೆಮ್ ಡಿಸ್ಕ್ ಒಂದನ್ನು ಹಾಕಿ, ಸ್ವಾಬ್ ಅನ್ನು ಅದರಲ್ಲಿ ಅದ್ದಿ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಟ್ಟು, ಮಾರನೆಯ ದಿನ 100 ಮೈಕ್ರೋಲೀಟರ್‌ನಷ್ಟನ್ನು ಮ್ಯಾಕಾಂಕಿ ಅಗರ್ ಮೇಲೆ ಹರಡಿ, ಅದರ ಮರುದಿನ ಬೆಳೆದ ಕಾಲೊನಿಗಳನ್ನು ಗುರುತಿಸಿ ದೃಢಪಡಿಸಬೇಕು. ಎರಡು ಮೂರು ದಿನ ಹಿಡಿಯುತ್ತದೆ ಎಂಬುದೇ ಇದರ ಕೊರತೆ. ಬ್ಯಾಕ್ಟೀರಿಯಾದ ಬಗೆಗೆ ತಕ್ಕಂತೆ ಕಾಲೊನಿಗೆ ಬಣ್ಣ ಬರುವ ಕ್ರೋಮೊಜೆನಿಕ್ ಅಗರ್ ಬಳಸಿದರೆ ಮಾರನೆಯ ದಿನವೇ ಸುಳಿವು ಸಿಗುತ್ತದೆ. ಕಾರ್ಟ್ರಿಡ್ಜ್ ಪಿಸಿಆರ್ ಯಂತ್ರ ಎನ್‌ಡಿಎಂ, ಒಎಕ್ಸ್‌ಎ-48, ಕೆಪಿಸಿ, ವಿಐಎಂ, ಐಎಂಪಿ ಎಂಬ, ಕಾರ್ಬಪೆನೆಮ್ ಮುರಿಯುವ ಕಿಣ್ವಗಳ ಐದು ಬಗೆಯ ಜೀನ್‌ಗಳನ್ನು ಸುಮಾರು ಒಂದು ಗಂಟೆಯೊಳಗೆ ಸ್ವಾಬ್‌ನಿಂದಲೇ ಗುರುತಿಸುತ್ತದೆ, ಕಾರ್ಟ್ರಿಡ್ಜ್ ದುಬಾರಿ. ಕ್ಷಯರೋಗ ಪತ್ತೆಗೆಂದು ಬಂದ ಇಂಥ ಯಂತ್ರ ಹಲವು ಆಸ್ಪತ್ರೆಗಳಲ್ಲಿ ಈಗಾಗಲೇ ಇರುವುದರಿಂದ ಐಸಿಯುವಿನಿಂದ ಐಸಿಯುವಿಗೆ ರೆಫರ್ ಆದವರಿಗೆ ಮಾತ್ರ ಪಿಸಿಆರ್, ಉಳಿದವರಿಗೆ ಬ್ರಾತ್ ಎಂದು ಹಂಚಿಕೊಳ್ಳುವುದು ಜಾಣತನ.

ಮೈಕ್ರೋಬಯಾಲಜಿಸ್ಟ್‌ಗೆ ಒಂದು ಎಚ್ಚರಿಕೆ: ಒಎಕ್ಸ್‌ಎ-48 ಬಗೆಯ ಕಿಣ್ವ ಮೆರೊಪೆನೆಮ್ ಅನ್ನು ನಿಧಾನವಾಗಿ ಮುರಿಯುವುದರಿಂದ ಅಂಥ ಕೆಲವು ತಳಿಗಳು ಡಿಸ್ಕ್ ವಿಧಾನದಲ್ಲಿ ಕಣ್ತಪ್ಪಿಸಿಕೊಳ್ಳುತ್ತವೆ.

6. ವರದಿ ಬಂದ ಗಂಟೆ

ಪಾಸಿಟಿವ್ ಎಂದು ಗೊತ್ತಾದ ಕ್ಷಣ ಲ್ಯಾಬ್‌ನವರು ವರದಿ ಟೈಪ್ ಆಗುವುದನ್ನು ಕಾಯದೆ ಇನ್‌ಚಾರ್ಜ್ ಸಿಸ್ಟರ್‌ಗೆ ಫೋನ್ ಮಾಡಬೇಕು, ಫೋನ್ ತೆಗೆದವರ ಹೆಸರು ಮತ್ತು ಸಮಯವನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕು. ಅಲ್ಲಿಂದ ಒಂದು ಗಂಟೆಯೊಳಗೆ ರೋಗಿ ಪ್ರತ್ಯೇಕ ಕೋಣೆಗೆ ಅಥವಾ ಮೀಸಲಿಟ್ಟ ಮೂಲೆಯ ಹಾಸಿಗೆಗೆ ಹೋಗಬೇಕು. ಅವರಿಗೆಂದೇ ಸ್ಟೆತೊಸ್ಕೋಪ್, ಬಿಪಿ ಕಫ್, ಥರ್ಮಾಮೀಟರ್, ಬೆಡ್‌ಪ್ಯಾನ್ ಮತ್ತು ಮೂತ್ರ ಅಳೆಯುವ ಜಗ್ ಇರಬೇಕು. ಈ ಜಗ್ಗನ್ನು ಮರೆಯುವವರೇ ಹೆಚ್ಚು. ಒಂದೇ ಪ್ಲಾಸ್ಟಿಕ್ ಜಗ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಯೂರಿನ್ ಬ್ಯಾಗ್ ಖಾಲಿ ಮಾಡುತ್ತಾ ಹೋಗುವ ಬೆಳಗಿನ ಪದ್ಧತಿ ಎಷ್ಟೋ ವಾರ್ಡ್‌ಗಳಲ್ಲಿ ಇಂದಿಗೂ ಇದೆ. ಬ್ಯಾಗ್‌ನ ನಳಿಕೆ ಜಗ್ಗಿನ ಅಂಚನ್ನು ಮುಟ್ಟಿತೆಂದರೆ ಒಬ್ಬರ ಬ್ಯಾಕ್ಟೀರಿಯಾ ಸಾಲಿನ ಕೊನೆಯ ಹಾಸಿಗೆಯವರೆಗೂ ತಲುಪಿತೆಂದೇ ಅರ್ಥ.

ಕೋಣೆಯೊಳಗೆ ಹೋಗುವ ಪ್ರತಿಯೊಬ್ಬರೂ ಕೈಶುದ್ಧಿ ಮಾಡಿ, ಗೌನ್ ಮತ್ತು ಗ್ಲೌಸ್ ಧರಿಸಿ ಹೋಗಬೇಕು, ಹೊರಬರುವಾಗ ಅಲ್ಲೇ ಕಳಚಿ ಮತ್ತೆ ಕೈಶುದ್ಧಿ ಮಾಡಬೇಕು. ಆಲ್ಕೋಹಾಲ್ ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡ್ ಉಜ್ಜಿದರೆ ಸಾಕು. ಗ್ಲೌಸ್ ಹಾಕಿಕೊಂಡೇ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ, ಅಲ್ಲಿಂದ ಕಂಪ್ಯೂಟರ್ ಕೀಲಿಮಣೆಗೆ ಹೋಗುವುದು ಗ್ಲೌಸ್ ಹಾಕದಿರುವುದಕ್ಕಿಂತ ಅಪಾಯಕರ, ಏಕೆಂದರೆ ಹಾಗೆ ಮಾಡುವವರಿಗೆ ತಾವು ಸುರಕ್ಷಿತವೆಂಬ ಭಾವನೆ ಇರುತ್ತದೆ. ಡಿ ಗ್ರೂಪ್ ನೌಕರರು, ಎಕ್ಸ್‌ರೇ ತಂತ್ರಜ್ಞರು, ಫಿಸಿಯೋಥೆರಪಿಸ್ಟ್‌ಗಳು, ರೌಂಡ್ಸ್‌ಗೆ ಬರುವ ಹಿರಿಯ ವೈದ್ಯರು ಎಲ್ಲರಿಗೂ ಒಂದೇ ನಿಯಮ. ಹಿರಿಯರಿಗೆ ಇದನ್ನು ನೆನಪಿಸುವ ಅಧಿಕಾರ ಸೋಂಕು ನಿಯಂತ್ರಣ ನರ್ಸ್‌ಗೆ ಇದೆಯೆಂದು ಅಧೀಕ್ಷಕರು ಲಿಖಿತವಾಗಿ ಹೇಳಿರಬೇಕು. ಇಲ್ಲದಿದ್ದರೆ ಆಕೆ ಬಾಯಿ ತೆರೆಯುವುದು ಕಷ್ಟ.

ವಾಹಕ ಸ್ಥಿತಿಗೆ ಆಂಟಿಬಯೋಟಿಕ್ ಕೊಡಬಾರದು. ಸ್ವಾಬ್ ಪಾಸಿಟಿವ್ ಬಂತೆಂದು ಕೊಲಿಸ್ಟಿನ್ ಆರಂಭಿಸುವುದರಿಂದ ಕರುಳು ಶುದ್ಧವಾಗುವುದಿಲ್ಲ. ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಂಭವವಿದೆ, ಇನ್ನೂ ಕೆಟ್ಟ ನಿರೋಧಕತೆಗೆ ದಾರಿಯಾಗುತ್ತದೆ. ವರದಿಯ ಕೆಳಗೆ "ಇದು ಸ್ಕ್ರೀನಿಂಗ್ ಮಾದರಿ, ಚಿಕಿತ್ಸೆಗಾಗಿ ಅಲ್ಲ" ಎಂದು ಲ್ಯಾಬ್‌ನವರು ಮುದ್ರಿಸುವುದು ಒಳ್ಳೆಯದು. ಆದರೆ ಅದೇ ರೋಗಿಗೆ ಮುಂದೆ ಸೆಪ್ಸಿಸ್ (ಸೋಂಕಿನಿಂದ ಜೀವಕ್ಕೇ ಅಪಾಯವಾಗುವ ಸ್ಥಿತಿ) ಆದರೆ, ಮೊದಲ ಡೋಸ್ ಯಾವುದಿರಬೇಕೆಂದು ಯೋಚಿಸುವ ವೈದ್ಯರಿಗೆ ಈ ಮಾಹಿತಿ ಬೆಲೆಯುಳ್ಳದ್ದು.

7. ಮನೆಯವರಿಗೆ ಹೇಳುವ ಮಾತು

ಪ್ರತ್ಯೇಕ ಕೋಣೆಗೆ ಹಾಕಿದರೆಂದ ಕೂಡಲೇ ಹೊರಗೆ ಕುಳಿತ ಅಟೆಂಡರ್‌ಗಳ ನಡುವೆ ಗುಸುಗುಸು ಶುರುವಾಗುತ್ತದೆ. ಕೋವಿಡ್ ಕಾಲದ ನೆನಪು ಎಲ್ಲರಿಗೂ ಇದೆ. ಆದ್ದರಿಂದ ಸ್ಥಳಾಂತರಕ್ಕೆ ಮೊದಲೇ ಸಿಸ್ಟರ್ ಅಥವಾ ವೈದ್ಯರು ಕುಳಿತು ಮಾತನಾಡಬೇಕು. ಹೀಗೆ ಹೇಳಬಹುದು: "ಅಮ್ಮಾ, ನಿಮ್ಮ ಯಜಮಾನರ ಕರುಳಿನಲ್ಲಿ ಔಷಧಕ್ಕೆ ಸುಲಭವಾಗಿ ಬಗ್ಗದ ಒಂದು ಬ್ಯಾಕ್ಟೀರಿಯಾ ಇದೆ. ಸದ್ಯಕ್ಕೆ ಅದು ಅವರಿಗೆ ಕಾಯಿಲೆ ಮಾಡುತ್ತಿಲ್ಲ, ಅದಕ್ಕೆ ಔಷಧಿಯೂ ಬೇಕಾಗಿಲ್ಲ. ಪಕ್ಕದಲ್ಲಿರುವವರು ತುಂಬ ನಿಶ್ಶಕ್ತರು, ಅವರಿಗೆ ತಗಲಬಾರದೆಂದು ಬೇರೆ ಕೋಣೆಗೆ ಹಾಕುತ್ತಿದ್ದೇವೆ. ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ನೀವು ಬಂದು ನೋಡಬಹುದು, ಹೋಗುವಾಗ ಬರುವಾಗ ಕೈ ಶುದ್ಧ ಮಾಡಿಕೊಳ್ಳಿ, ಬೇರೆ ರೋಗಿಗಳ ಹತ್ತಿರ ಹೋಗಬೇಡಿ."

ಬಾಗಿಲ ಮೇಲಿನ ಫಲಕದಲ್ಲಿ ಬ್ಯಾಕ್ಟೀರಿಯಾದ ಹೆಸರು ಬೇಡ. ಒಳಹೋಗುವವರು ಏನು ಮಾಡಬೇಕೆಂಬುದು ಕನ್ನಡದಲ್ಲೂ ಚಿತ್ರದಲ್ಲೂ ಇದ್ದರೆ ಸಾಕು. ಪಾಸಿಟಿವ್ ಎಂಬ ಕಾರಣಕ್ಕೆ ಡಯಾಲಿಸಿಸ್, ಸ್ಕ್ಯಾನಿಂಗ್ ಅಥವಾ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ದಿನದ ಪಟ್ಟಿಯಲ್ಲಿ ಅವರನ್ನು ಕೊನೆಗೆ ತೆಗೆದುಕೊಂಡು, ನಂತರ ಯಂತ್ರ ಮತ್ತು ಮೇಜನ್ನು ಶುಚಿಗೊಳಿಸುವುದು ಸರಿಯಾದ ಕ್ರಮ.

8. ಶುಚಿತ್ವ ಮತ್ತು ಸಿಂಕ್

ಹಾಸಿಗೆಯ ಕಂಬಿ, ಮಾನಿಟರ್ ಗುಂಡಿಗಳು, ಸಿರಿಂಜ್ ಪಂಪ್, ಲಾಕರ್ ಹಿಡಿಕೆಗಳನ್ನು ಪ್ರತಿ ಪಾಳಿಯಲ್ಲೂ ಒರೆಸಬೇಕು. ಗಲೀಜು ಕಾಣುವ ಕಡೆ ಮೊದಲು ಸೋಪಿನ ನೀರಿನಿಂದ ಒರೆಸಿ, ಆಮೇಲೆ 1000 ಪಿಪಿಎಂ ಹೈಪೊಕ್ಲೋರೈಟ್ ಬಳಸಬೇಕು, ಏಕೆಂದರೆ ಕೊಳೆಯಿರುವಲ್ಲಿ ಕ್ಲೋರಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. 5% ದ್ರಾವಣವಾದರೆ 20 ಮಿ.ಲೀ.ಗೆ 980 ಮಿ.ಲೀ. ನೀರು ಸೇರಿಸಿದರೆ ಈ ಪ್ರಮಾಣ ಬರುತ್ತದೆ; ಪ್ರತಿದಿನ ಹೊಸದಾಗಿ ಮಾಡಿಕೊಳ್ಳಬೇಕು, ಬೇರೆ ರಾಸಾಯನಿಕದೊಂದಿಗೆ ಬೆರೆಸಬಾರದು. ರೋಗಿ ಹೊರಹೋದ ಮೇಲೆ ಪರದೆಗಳನ್ನೂ ಬದಲಿಸಿ.

ಸಿಂಕ್‌ನ ಕೊಳವೆಯಲ್ಲಿ ಸಿಆರ್‌ಇ ಒಮ್ಮೆ ನೆಲೆಸಿತೆಂದರೆ ಹೊರಹಾಕುವುದು ಬಹಳ ಕಷ್ಟ, ನಲ್ಲಿ ಬಿಟ್ಟಾಗಲೆಲ್ಲ ಹನಿಗಳ ಜೊತೆ ಸುತ್ತಲೂ ಚಿಮ್ಮುತ್ತದೆ. ಕೈತೊಳೆಯುವ ಸಿಂಕ್‌ಗೆ ಮೂತ್ರ, ಉಳಿದ ಡೆಕ್ಸ್‌ಟ್ರೋಸ್, ನಾಳದ ಮೂಲಕ ಕೊಡುವ ಆಹಾರ, ಸಕ್ಷನ್ ಬಾಟಲಿಯ ದ್ರವ ಸುರಿಯುವುದನ್ನು ಸಂಪೂರ್ಣ ನಿಲ್ಲಿಸಬೇಕು. ಸಿಂಕ್‌ನಿಂದ ಒಂದು ಮೀಟರ್ ಒಳಗೆ ಇಂಜೆಕ್ಷನ್ ಟ್ರೇ ಇಡಬಾರದು.

9. ವಾರಕ್ಕೊಮ್ಮೆ ಮತ್ತೆ

ದಾಖಲಾತಿಯ ದಿನದ ನೆಗೆಟಿವ್ ವರದಿ ಆ ದಿನಕ್ಕೆ ಮಾತ್ರ ಸಲ್ಲುತ್ತದೆ. ಐಸಿಯುವಿನಲ್ಲಿ ಉಳಿದವರಿಗೆ ವಾರಕ್ಕೊಮ್ಮೆ, ನಿಗದಿತ ದಿನದಂದು ಸ್ವಾಬ್ ಮಾಡಬೇಕು. ಹೊಸ ಪಾಸಿಟಿವ್ ಸಿಕ್ಕರೆ ಅವರ ಅಕ್ಕಪಕ್ಕದವರನ್ನೂ, ಅದೇ ನರ್ಸ್ ನೋಡಿಕೊಂಡವರನ್ನೂ ಕೂಡಲೇ ಪರೀಕ್ಷಿಸಬೇಕು. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕ್ಲಿನಿಕಲ್ ಸೆಂಟರ್‌ನಲ್ಲಿ 2011ರಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಇದೆಯೆಂದು ಗೊತ್ತಿದ್ದೇ ದಾಖಲಾದ ರೋಗಿಯನ್ನು ಅಲ್ಲಿ ಎಚ್ಚರಿಕೆಯಿಂದ ಪ್ರತ್ಯೇಕವಾಗಿ ಇರಿಸಿದ್ದರು. ಆ ರೋಗಿ ಬಿಡುಗಡೆಯಾಗಿ ಮೂರು ವಾರದ ನಂತರ ಇನ್ನೊಬ್ಬರಲ್ಲಿ ಅದೇ ಬ್ಯಾಕ್ಟೀರಿಯಾ ಕಾಣಿಸಿತು. ಒಟ್ಟು 18 ರೋಗಿಗಳಿಗೆ ಹರಡಿ ಅವರಲ್ಲಿ 11 ಮಂದಿ ತೀರಿಕೊಂಡರು. ಜೀನೋಮ್ ಹೋಲಿಕೆಯಿಂದ ಅದು ಮೊದಲ ರೋಗಿಯಿಂದಲೇ ಬಂದದ್ದೆಂದೂ, ನಡುವೆ ಲಕ್ಷಣವಿಲ್ಲದ ವಾಹಕರ ಮೂಲಕ ಸಾಗಿತ್ತೆಂದೂ ತಿಳಿಯಿತು. ಸಿಂಕ್‌ನ ಕೊಳವೆಗಳಲ್ಲಿಯೂ, ಶುಚಿಗೊಳಿಸಿದ್ದ ಒಂದು ವೆಂಟಿಲೇಟರ್ ಮೇಲೂ ಅದು ಸಿಕ್ಕಿತು.

ಒಮ್ಮೆ ಪಾಸಿಟಿವ್ ಆದವರ ಪ್ರತ್ಯೇಕತೆಯನ್ನು ಒಂದು ನೆಗೆಟಿವ್ ವರದಿ ನೋಡಿ ತೆಗೆಯಬೇಡಿ. ಆ ಬಾರಿಯ ದಾಖಲಾತಿ ಮುಗಿಯುವವರೆಗೂ ಮುಂದುವರಿಸುವುದು ಸುರಕ್ಷಿತ.

ಮೂಗಿನ ಸ್ವಾಬ್‌ನ ವಿಚಾರ ಬೇರೆ

ಮೆಥಿಸಿಲಿನ್ ಔಷಧಕ್ಕೆ ಬಗ್ಗದ, ಎಂಆರ್‌ಎಸ್‌ಎ ಎಂಬ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಮೂಗಿನಲ್ಲಿ, ಚರ್ಮದ ಮೇಲೆ ನೆಲೆಸುವುದರಿಂದ ಅದಕ್ಕೆ ಎರಡೂ ಮೂಗಿನ ಹೊಳ್ಳೆಗಳ ಸ್ವಾಬ್ ಬೇಕು. ಕರುಳಿನ ಸಿಆರ್‌ಇಗೆ ಇಲ್ಲದ ಒಂದು ಅನುಕೂಲ ಅಲ್ಲಿದೆ. ಮೂಗಿಗೆ 2% ಮ್ಯುಪಿರೊಸಿನ್ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ಸ್ನಾನ, ಐದು ದಿನ ಕೊಟ್ಟು ಬ್ಯಾಕ್ಟೀರಿಯಾವನ್ನು ಕಡಿಮೆ ಮಾಡಬಹುದು. ಹೃದಯ ಅಥವಾ ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಮೊದಲು ಇದು ಉಪಯುಕ್ತ. ಎಲ್ಲರನ್ನೂ ಪರೀಕ್ಷಿಸುವುದೇ ಮೇಲೆಂದು ಹೇಳಲಾಗದು: ಇಂಗ್ಲೆಂಡಿನಲ್ಲಿ ಬಹುತೇಕ ಎಲ್ಲ ಒಳರೋಗಿಗಳಿಗೂ ಕಡ್ಡಾಯವಾಗಿದ್ದ ಎಂಆರ್‌ಎಸ್‌ಎ ಸ್ಕ್ರೀನಿಂಗ್ ಅನ್ನು 2014ರಲ್ಲಿ ಹೆಚ್ಚು ಅಪಾಯದವರಿಗೆ ಸೀಮಿತಗೊಳಿಸಲು ಸೂಚಿಸಲಾಯಿತು, ಅಮೆರಿಕದ 43 ಆಸ್ಪತ್ರೆಗಳ ಐಸಿಯುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿ ಬೇರ್ಪಡಿಸುವುದಕ್ಕಿಂತ ಎಲ್ಲರಿಗೂ ಈ ಮುಲಾಮು ಮತ್ತು ಸ್ನಾನ ಕೊಟ್ಟದ್ದೇ ಹೆಚ್ಚು ಫಲ ನೀಡಿತು.

10. ಲೆಕ್ಕ ಇಡುವುದು

ಮೂರು ಅಂಕಿಗಳು ಸಾಕು. ಪರೀಕ್ಷಿಸಬೇಕಾಗಿದ್ದವರಲ್ಲಿ ನಿಜವಾಗಿ ಪರೀಕ್ಷೆಗೊಳಗಾದವರು ಎಷ್ಟು ಪಾಲು. ಲ್ಯಾಬ್‌ನ ಫೋನ್‌ನಿಂದ ಪ್ರತ್ಯೇಕತೆಯವರೆಗೆ ಎಷ್ಟು ಹೊತ್ತು. ನೆಗೆಟಿವ್ ಆಗಿ ಬಂದು ನಮ್ಮಲ್ಲಿ ಪಾಸಿಟಿವ್ ಆದವರು ಎಷ್ಟು. ದಾಖಲಾದ 48 ಗಂಟೆಯೊಳಗಿನ ಸ್ವಾಬ್ ಪಾಸಿಟಿವ್ ಆದರೆ ಹೊರಗಿನಿಂದ ತಂದದ್ದೆಂದೂ, ಆಮೇಲಿನದನ್ನು ನಮ್ಮಲ್ಲಿ ತಗಲಿದ್ದೆಂದೂ ಲೆಕ್ಕ ಹಿಡಿಯಿರಿ. ದಿನಕ್ಕೆ ಸರಾಸರಿ 9 ರೋಗಿಗಳಿರುವ ಐಸಿಯುವಿನಲ್ಲಿ 30 ದಿನಕ್ಕೆ 270 ರೋಗಿ-ದಿನಗಳು. ಆ ತಿಂಗಳು ಇಬ್ಬರಿಗೆ ಹೊಸದಾಗಿ ತಗಲಿದ್ದರೆ 1000 ರೋಗಿ-ದಿನಕ್ಕೆ 7.4. ಈ ಅಂಕಿ ಇಳಿಯಬೇಕು.

ಇಳಿಸಲು ಸಾಧ್ಯವೆಂಬುದಕ್ಕೆ ಇಸ್ರೇಲ್ ಉದಾಹರಣೆ. 2007ರ ಮಾರ್ಚ್ ವೇಳೆಗೆ ಅಲ್ಲಿನ 27 ಆಸ್ಪತ್ರೆಗಳಲ್ಲಿ 1275 ರೋಗಿಗಳಿಗೆ ಸಿಆರ್‌ಇ ತಗಲಿತ್ತು. ವಾಹಕರನ್ನು ಒಂದೆಡೆ ಇರಿಸಿ ಅವರಿಗೆಂದೇ ಬೇರೆ ನರ್ಸ್‌ಗಳನ್ನು ನೇಮಿಸುವುದನ್ನೂ, ಪ್ರತಿ ಪ್ರಕರಣವನ್ನು ವರದಿ ಮಾಡುವುದನ್ನೂ ಸರ್ಕಾರ ಕಡ್ಡಾಯಗೊಳಿಸಿತು. ಒಂದು ಲಕ್ಷ ರೋಗಿ-ದಿನಗಳಿಗೆ 55.5ರಷ್ಟಿದ್ದ ತಿಂಗಳ ಹೊಸ ಪ್ರಕರಣಗಳು 2008ರ ಮೇ ಹೊತ್ತಿಗೆ 11.7ಕ್ಕೆ ಇಳಿದವು. ನರ್ಸ್‌ಗಳನ್ನು ಬೇರ್ಪಡಿಸಿದ್ದೇ ಅಲ್ಲಿನ ಕ್ರಮದ ತಿರುಳೆಂದು ನನಗೆ ತೋರುತ್ತದೆ. ಹಣದ ಕೊರತೆಯಿಂದ ಒಂದನ್ನು ಮಾತ್ರ ಆರಿಸಿಕೊಳ್ಳಬೇಕಾದ ಆಸ್ಪತ್ರೆ ಅದನ್ನೇ ಆರಿಸಿಕೊಳ್ಳಲಿ.

11. ಬಿಡುಗಡೆ ಮತ್ತು ವರ್ಗಾವಣೆ

ಡಿಸ್ಚಾರ್ಜ್ ಸಮರಿಯ ಮೊದಲ ಪುಟದಲ್ಲೇ, ರೋಗನಿರ್ಣಯದ ಕೆಳಗೆ, "ಸಿಆರ್‌ಇ ವಾಹಕರು, ಮಲದ ಸ್ವಾಬ್‌ನಲ್ಲಿ ಪತ್ತೆ, ದಿನಾಂಕ ಇಂತಿಷ್ಟು, ವಾಹಕ ಸ್ಥಿತಿಗೆ ಚಿಕಿತ್ಸೆ ಅಗತ್ಯವಿಲ್ಲ" ಎಂದು ಬರೆಯಿರಿ. ಬೇರೆ ಆಸ್ಪತ್ರೆಗೆ ಕಳುಹಿಸುವುದಾದರೆ ಆಂಬುಲೆನ್ಸ್ ಹೊರಡುವ ಮುನ್ನ ಅಲ್ಲಿನ ಐಸಿಯುವಿಗೆ ಫೋನ್ ಮಾಡಿ ತಿಳಿಸಿ. ಹಾಸಿಗೆ ಸಿಗದೇ ಹೋದೀತೆಂದು ಮುಚ್ಚಿಡುವ ಅಭ್ಯಾಸ ರೂಢಿಯಲ್ಲಿದೆಯಾದರೂ ಅದರ ಬೆಲೆ ತೆರುವವರು ಅಲ್ಲಿನ ಪಕ್ಕದ ಹಾಸಿಗೆಯವರು. ಮನೆಗೆ ಹೋಗುವವರಿಗೆ ಪ್ರತ್ಯೇಕ ತಟ್ಟೆ ಲೋಟ ಬೇಡ, ಮೊಮ್ಮಕ್ಕಳನ್ನು ದೂರ ಇಡುವುದೂ ಬೇಡ. ಶೌಚದ ನಂತರವೂ ಅಡುಗೆ, ಊಟಕ್ಕೆ ಮೊದಲೂ ಸೋಪು ಹಚ್ಚಿ ಕೈ ತೊಳೆಯಬೇಕು, ಡೈಪರ್ ಅಥವಾ ಯೂರಿನ್ ಬ್ಯಾಗ್ ಬದಲಿಸುವವರು ಗ್ಲೌಸ್ ಹಾಕಿಕೊಳ್ಳಬೇಕು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಈ ಕಾಗದವನ್ನು ಮೊದಲು ತೋರಿಸಬೇಕು ಎಂದು ಹೇಳಿ, ಕಾಗದದ ಒಂದು ಪ್ರತಿಯನ್ನು ಮನೆಯವರ ಮೊಬೈಲ್‌ಗೂ ಕಳುಹಿಸಿಬಿಡಿ.